ಹನ್ನೊಂದನೇ ಮಹಡಿಯಲ್ಲಿ ಉಕ್ಕಿದ ಹಾಲು

"ಪಾಲಿಶ್ ಇರಬೇಕು ಮೇಡಂ. ಬಾಗಿಲಿಗೆ ಹೊಡೆಯುವಾಗ ಚೆಲ್ಲಿರ್ತಾರೆ," ಅಂದರು ಸೆಕ್ರೆಟರಿ.

ನಾನು ಬಾಗಿಲ ಮುಂದೆ ಮಂಡಿಯೂರಿ ಕೂತಿದ್ದೆ. ಟೈಲ್ಸಿನ ಸಂದಿಯನ್ನು ಹೇರ್‌ಪಿನ್ನಿನಿಂದ ಕೆರೆದು, ಬಂದ ಪುಡಿಯನ್ನು ಅಂಗೈಗೆ ಹಾಕಿಕೊಂಡು ಮೂಸಿದೆ.

"ನಿಮ್ಮೂರಲ್ಲಿ ಪಾಲಿಶ್ಶು ಅರಿಶಿನದ ವಾಸ್ನೆ ಒಡೀತದೇನ್ರಿ?"

ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಸೆಕ್ರೆಟರಿ ಅಂದರೆ ಸಣ್ಣಪುಟ್ಟ ಮನುಷ್ಯನಲ್ಲ, ಹದಿನಾರು ಅಂತಸ್ತಿಗೆ ಒಡೆಯನ ಹಾಗೆ ಆಡುತ್ತಿದ್ದರು. ಬೆಳಗ್ಗೆಯಿಂದ ಅವರು ಹೇಳಿದ ರೂಲ್ಸು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ನೆನ್ನೆ ಪರದೆಗೆ ಅಳತೆ ತೆಗೆಯಲು ಮೈಸೂರಿಗೆ ಬಂದ ನಮ್ಮೂರಿನ ದೀಪಶ್ರೀ, ಬೀಗ ಹಾಕಿದ್ದ ತನ್ನ ಹೊಸ ಫ್ಲ್ಯಾಟಿನ ಬಾಗಿಲಲ್ಲಿ ಈ ಕಲೆ ಕಂಡು, ನೇರ ಕೊಳ್ಳೇಗಾಲದ ನನ್ನ ಮನೆಗೆ ಓಡಿ ಬಂದಿದ್ದಳು. ನಾನು ರಾಚಮ್ಮ. ಕೊಳ್ಳೇಗಾಲ ಠಾಣೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ರಿಟೈರಾದವಳು. ಸಿಟ್ಟು ಮಾತ್ರ ಇನ್ನೂ ರಿಟೈರಾಗಿಲ್ಲ.

ಸಂದಿಯಲ್ಲಿ ಉದ್ದಕ್ಕೂ ಹಳದಿ. ನಡುವೆ ಒಂದೇ ಕಡೆ ಕಡುಗೆಂಪು. ಕುಂಕುಮವಾಗಿದ್ದರೆ ಒರೆಸಿದಾಗ ಹೋಗುತ್ತಿತ್ತು. ಈ ಕೆಂಪು ಸಂದಿಯೊಳಕ್ಕೇ ಇಳಿದುಬಿಟ್ಟಿತ್ತು. ಅರಿಶಿನಕ್ಕೆ ಸುಣ್ಣ ತಾಗಿದರೆ ಹೀಗಾಗುತ್ತದೆ. ಆರತಿ ತಟ್ಟೆಗೆ ನೀರು ಕಲಸಿದ ಯಾವ ಹೆಂಗಸಿಗೂ ಇದು ಗೊತ್ತು, ಇದಕ್ಕೆ ಲ್ಯಾಬಿಗೆ ಕಳಿಸಬೇಕಾಗಿಲ್ಲ.

ಮಜಾ ಏನೆಂದರೆ, ಆ ಮನೆಗೆ ಹೊಸ್ತಿಲೇ ಇರಲಿಲ್ಲ. ಹೊರಗಿನ ಟೈಲ್ಸನ್ನು ಒಳಗಿನ ಟೈಲ್ಸಿಗೆ ಸಮ ಮಾಡಿ ಮುಗಿಸಿದ್ದರು. ಆದರೂ ಯಾರೋ ಬಂದು, ಹೊಸ್ತಿಲು ಇರಬೇಕಾಗಿದ್ದ ಜಾಗಕ್ಕೆ ಅರಿಶಿನ ಸವರಿ, ಸುಣ್ಣ ಇಟ್ಟು, ಕೈ ಮುಗಿದು ಒಳಗೆ ಹೋಗಿದ್ದರು. ಆಮೇಲೆ ಫಿನಾಯಿಲ್ ಹಾಕಿ ಒರೆಸಿದ್ದರು. ಕಳ್ಳನಾದವನು ಬೀಗ ತೆಗೆದು ನುಗ್ಗುತ್ತಾನೆ. ಹೊಸ್ತಿಲ ಪೂಜೆ ಮಾಡಿ ಒಳಗೆ ಹೋದ ಕಳ್ಳನನ್ನು ನನ್ನ ಸರ್ವೀಸಿನಲ್ಲೇ ನಾನು ಕಂಡಿಲ್ಲ.

"ಕೈ ಕೊಡೆ ದೀಪ, ಏಳುಸು ನನ್ನ."

ಅಡುಗೆಮನೆ ಥಳಥಳ ಅನ್ನುತ್ತಿತ್ತು. ಅಷ್ಟು ಥಳಥಳ ಅಂದಾಗಲೇ ನನಗೆ ಅನುಮಾನ ಜಾಸ್ತಿ. ಕಟ್ಟೆಯ ಗ್ರಾನೈಟಿನ ಅಂಚಿನ ಅಡಿಗೆ ಬೆರಳು ಹಾಕಿದೆ. ಒಣಗಿದ ಕೆನೆ ಬೆರಳಿಗೆ ಹತ್ತಿತು, ಸೀದ ವಾಸನೆ. ಹಿಂದೆ ಪಾತ್ರೆ ತೊಳೆಯುವ ಯುಟಿಲಿಟಿಯಲ್ಲಿ ಮೂರು ಇಟ್ಟಿಗೆ ಜೋಡಿಸಿಟ್ಟಿದ್ದರು. ತಿರುಗಿಸಿ ನೋಡಿದರೆ ಮೂರಕ್ಕೂ ಒಳಮೈಯಲ್ಲಿ ಮಸಿ.

ದೀಪಶ್ರೀ ಅಲ್ಲೇ ಗೋಡೆಗೆ ಒರಗಿದಳು.

"ಅಕ್ಕ, ನನ್ ಮನೇಲಿ ಯಾರೋ ಆಲು ಉಕ್ಕುಸವ್ರೆ."

ಹಾಲು ಉಕ್ಕಿಸುವುದೆಂದರೆ ಈ ಮನೆ ನಮ್ಮದು ಎಂದು ದೇವರ ಮುಂದೆ ಹೇಳಿಕೊಳ್ಳುವುದು. ತಮಾಷೆಗೂ ಯಾರೂ ಬೇರೆಯವರ ಮನೆಯಲ್ಲಿ ಅದನ್ನು ಮಾಡುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದವರೂ ಕಾಲು ಲೀಟರ್ ಹಾಲು ತಂದು ಉಕ್ಕಿಸಿಯೇ ಹೊಸ ಮನೆಗೆ ಸೇರುವುದು. ಕದ್ದು ಸೇರುವವರೂ ಅದನ್ನು ಬಿಡಲಾರರು ಅನ್ನುವುದು ನನಗೆ ಅವತ್ತು ಗೊತ್ತಾಯಿತು.

"ಸಿಸಿಟಿವಿ ತೋರ್ಸಿ," ಅಂದೆ ಸೆಕ್ರೆಟರಿಗೆ.

"ಓನರ್ ಬಂದು ಕೇಳಿದ್ರೆ ಮಾತ್ರ ಮೇಡಂ."

"ಓನರ್ ಮುಂದೇನೇ ನಿಂತವ್ಳಲ್ಲ?"

"ನಮ್ಮಲ್ಲಿರೋ ಹೆಸರು ಮಹಾದೇವಮ್ಮ ಅಂತ."

"ನಮ್ಮವ್ವ ಅಕ್ಕ," ಅಂದಳು ದೀಪಶ್ರೀ ತಲೆ ತಗ್ಗಿಸಿ. "ನಮ್ಮನೆಯವ್ರು ತೀರ್ಕಂಡ ಮೇಲೆ ನನ್ನೆಸ್ರಲ್ಲಿ ಏನಿದ್ರೂ ಮೈದ್ನ ಕ್ಯಾತೆ ತಗೀತಾನೆ ಅಂತ... ಅವ್ವನ ಎಸ್ರಲ್ಲಿದ್ರೆ ದೇವ್ರ ಗೂಡಲ್ಲಿಟ್ಟಂಗೆ ಅಲ್ವಾ? ದುಡ್ಡೆಲ್ಲಾ ನಂದೇ."

"ಅವ್ವನ್ನ ಕರ್ಕಂಡ್ ಬತ್ತೀವಿ ಇರಿ," ಅಂದೆ.

"ಇನ್ನೊಂದು ವಿಷಯ ಮೇಡಂ," ಲಿಫ್ಟಿನ ಬಾಗಿಲವರೆಗೂ ಬಂದರು ಮಹರಾಯರು. "ಶುಕ್ರವಾರ ಸಾಮಾನು ಏರಿಸೋಕೆ ಸರ್ವಿಸ್ ಲಿಫ್ಟು ಹತ್ತು ಗಂಟೆಯಿಂದ ಇವರಿಗೆ. ಇವರು ಹೇಳಿದ ಆ ತೇಗದ ಮಂಚ ಬಿಚ್ಚಿ ತರಬೇಕು, ಇಡಿಯಾಗಿ ಹಿಡಿಸಲ್ಲ."

ಮನೆಗೆ ಬೆಂಕಿ ಬಿದ್ದಿರುವಾಗ ಮಂಚದ ಚಿಂತೆ ಈ ಪುಣ್ಯಾತ್ಮನಿಗೆ.

*

ದೀಪಶ್ರೀಯೇ ಕಾರು ಓಡಿಸುತ್ತಿದ್ದಳು. ನರಸೀಪುರ ದಾಟಿದೆವು. ಆಮೇಲೆ ತಾನೇ ಮಾತು ಶುರು ಮಾಡಿದಳು.

"ಇದು ಉದಯಕುಮಾರಂದೇ ಕೆಲ್ಸ ಅಕ್ಕ. ಮೊನ್ನೆ ಫೋನ್ ಮಾಡಿ, 'ಅದ್ಯಾಂಗ್ ಓಗಿ ಸೇರ್ಕಂಡೀಯೋ ನೋಡೇಬುಡ್ತೀನಿ' ಅಂದ."

ಉದಯಕುಮಾರ್ ಅವಳ ಮೈದುನ, ಹನೂರಿನವನು. ಅಣ್ಣನ ಮಣ್ಣು ಒಣಗುವ ಮೊದಲೇ ಅತ್ತಿಗೆಯ ಒಡವೆ ಲೆಕ್ಕ ಕೇಳಿದ ಪುಣ್ಯವಂತ. ಕೊಳ್ಳೇಗಾಲದ ಅವಳ ಸಿಲ್ಕ್ ಸೀರೆ ಅಂಗಡಿಗೆ ಬಂದು ಗಿರಾಕಿಗಳ ಮುಂದೆ ಕಿರುಚಾಡಿ ಹೋಗುತ್ತಿದ್ದ. ಅವನ ಕಾಟಕ್ಕೇ ದೀಪಶ್ರೀ ಇದ್ದ ಮನೆ ಮಾರಿ, ಮೈಸೂರಿನಲ್ಲಿ ಅಂಗಡಿ ಹಿಡಿದು, ವಾಚ್‌ಮನ್ ಇರುವ, ಗೇಟಿರುವ, ಯಾರೂ ಸುಲಭಕ್ಕೆ ಹತ್ತಿ ಬರಲಾಗದ ಹನ್ನೊಂದನೇ ಮಹಡಿ ಹುಡುಕಿದ್ದು. ಕೊಳ್ಳೇಗಾಲದ ಮನೆಯ ಬೀಗದ ಕೈಯನ್ನು ಕೊಂಡವರಿಗೆ ಕೊಡಬೇಕಾದದ್ದೂ ಶುಕ್ರವಾರವೇ. ಈ ಫ್ಲ್ಯಾಟು ಕೈತಪ್ಪಿದರೆ ಅವಳ ತಲೆ ಮೇಲೆ ಸೂರಿಲ್ಲ.

"ಉದಯಕುಮಾರ ಬೀಗ ಒಡೆಯೋ ಆಸಾಮಿ ಕಣೆ. ಆಲು ಉಕ್ಕುಸೋ ಅಷ್ಟು ನಾಜೂಕು ಅವನ್ ಜನ್ಮದಲ್ಲಿಲ್ಲ. ಬೀಗ ಒಡ್ದಿಲ್ಲ, ಬೀಗದ ಕೈಯಲ್ಲೇ ತಗ್ದವ್ರೆ. ಬೀಗದ ಕೈ ಎಷ್ಟವೆ?"

"ಎರಡು. ಒಂದ್ ನನ್ ಬ್ಯಾಗಲ್ಲದೆ."

"ಇನ್ನೊಂದು?"

"ಅವ್ವನ ತಾವ."

ಮುಂದೆ ಹೋಗುತ್ತಿದ್ದ ಕಬ್ಬಿನ ಲಾರಿಯನ್ನು ಅವಳು ಬೇಕಿಲ್ಲದಿದ್ದರೂ ಓವರ್‌ಟೇಕ್ ಮಾಡಿದಳು. ನಾನು ಸೀಟು ಹಿಡಿದುಕೊಂಡೆ.

ಕೊಳ್ಳೇಗಾಲದ ಮನೆಗೆ ಹೋಗಿ ಮುಖ ತೊಳೆದು ಹೋಗೋಣ ಅಂದಳು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ರಟ್ಟಿನ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ. ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದಳು: ಅಡುಗೆ, ಪಾತ್ರೆ, ದೇವರು. ಒಂದು ದೊಡ್ಡ ಪೆಟ್ಟಿಗೆಯ ಮೇಲೆ ‘ಅವ್ವನ ರೂಮು’ ಅಂತಿತ್ತು. ಅದರಲ್ಲಿ ಹೊಸ ಕಂಬಳಿ, ಗಿಣಿಹಸಿರು ಪರದೆ ಬಟ್ಟೆ.

"ಅವ್ವನೇ ಬಂದು ಬಣ್ಣ ಆರ್ಸಿದ್ದು," ಅಂದಳು. "ಬಾಲ್ಕನಿಲಿ ಕುಂತ್ಕಂಡ್ರೆ ಚಾಮುಂಡಿಬೆಟ್ಟ ಕಾಣ್ತದೆ ಅಂದ್ರೆ, 'ಅಯ್ಯೋ ಅಷ್ಟ್ ಎತ್ರದಲ್ಲಿ ನಂಗ್ ತಲೆ ತಿರುಗ್ತದೆ ಕಣವ್ವ' ಅಂತ ನಗಾಡಿದ್ಲು."

ಆ ಮನೆಯ ಹೊಸ್ತಿಲನ್ನು ನಾನು ನೋಡುತ್ತ ನಿಂತೆ. ಅರಿಶಿನದ ಮೇಲೆ ಮೂರು ಕುಂಕುಮದ ಬೊಟ್ಟು, ಅಷ್ಟೆ. ಗಂಡ ಸತ್ತ ಮೇಲೂ ದೀಪಶ್ರೀ ಹೊಸ್ತಿಲ ಪೂಜೆ ಬಿಟ್ಟಿರಲಿಲ್ಲ. ಬಿಡು ಅಂದವರಿಗೆ, "ನನ್ ಗಂಡ ಸತ್ತವ್ರೆ, ಒಸ್ಲು ಸತ್ತಿಲ್ವಲ್ಲ" ಅಂದವಳು.

"ಸುಣ್ಣ ಇಡಾಕಿಲ್ವಾ ನೀನು?"

"ಇದು ಅತ್ತೆ ಮನೆ ಕಟ್ಟಳೆ. ಅನೂರಲ್ಲಿ ಸುಣ್ಣ ಇಡಾಕಿಲ್ಲ."

ಹೊಸ್ತಿಲಿಗೆ ಬೊಟ್ಟಿಡುವುದರಲ್ಲಿ ಮನೆಗೊಂದು ಕಟ್ಟಳೆ. ಒಂದು ಮನೆಯಲ್ಲಿ ಮೂರು, ಇನ್ನೊಂದು ಮನೆಯಲ್ಲಿ ಐದು, ಮತ್ತೊಂದರಲ್ಲಿ ಕೆಮ್ಮಣ್ಣಿನ ಪಟ್ಟೆ. ಮದುವೆಯಾಗಿ ಹೋದ ಹೆಣ್ಣು ಹುಟ್ಟಿದ ಮನೆಯದನ್ನು ಅಲ್ಲೇ ಬಿಟ್ಟು, ಕೊಟ್ಟ ಮನೆಯದನ್ನು ಕಲಿಯಬೇಕು. ಅತ್ತೆಯಾದವಳು ಮೊದಲ ದಿನವೇ ಕಲಿಸುತ್ತಾಳೆ.

ಹುಟ್ಟಿದ ಮನೆಯ ಕಟ್ಟಳೆ ಏನು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಅವಳ ಮುಖ ಆಗಲೇ ಬಿಳಿಚಿಕೊಂಡಿತ್ತು.

"ನಡೀರಿ ಅಕ್ಕ, ಒತ್ತಾಯ್ತದೆ. ಅವ್ವನ್ನ ಕರ್ಕಂಡ್ ಓಗಿ ಆ ಕ್ಯಾಮೆರಾ ನೋಡ್ಬುಡನ," ಅಂದಳು.

*

ಧನಗೆರೆಯ ತವರುಮನೆ ಮುಂದೆ ಕಾರು ನಿಂತಿತು. ಇಳಿದವಳು ದೀಪಶ್ರೀ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟಳು.

ಹಳೇ ಕಾಲದ ಅಗಲ ಹೊಸ್ತಿಲು. ಉದ್ದಕ್ಕೂ ಅರಿಶಿನ, ಐದು ಕುಂಕುಮದ ಬೊಟ್ಟು. ನಡುವಿನ ಬೊಟ್ಟಿನ ಕೆಳಗೆ ಹೆಬ್ಬೆರಳಲ್ಲಿ ಒತ್ತಿದ ಸುಣ್ಣ. ಅದರ ಸುತ್ತ ಅರಿಶಿನ ಕಡುಗೆಂಪಾಗಿತ್ತು.

"ಯಾವಾಗ್ಲೂ ಇಂಗೇ ಅಕ್ಕ," ಅಂದಳು. "ನಂಗ್ ನೆನ್ನೇನೇ ಅನ್ಸಿತ್ತು. ಬ್ಯಾಡ ಅಂದ್ಕಂಡೆ."

ಅವಳ ಅವ್ವ ಮಾದೇವಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು.

"ಓ, ಪೊಲೀಸಮ್ಮನೂ ಬಂದವ್ರೆ! ಕುಂತ್ಕಳಿ, ಕಾಫಿ ಇಡ್ತೀನಿ. ಯಾಕವ್ವ ದೀಪ, ಮೊಕ ಇಂಗ್ ಬಾಡೋಗದೆ? ಸಾಮಾನ್ ಕಟ್ಟೋದು ಮುಗೀತಾ?"

"ಕಾಫಿ ಆಮೇಕಾಯ್ತದೆ ಮಾದೇವಮ್ಮೋರೆ," ಅಂದೆ. "ಒಸ್ಲಿಗೆ ಸುಣ್ಣ ಯಾಕೆ ಇಡೋದು ನೀವು?"

"ಅದಾ? ನಮ್ಮತ್ತೆ ಕಾಲದ್ದು. ದುಷ್ಟಿ ತಾಗ್ದೆ ಇರ್ಲಿ ಅಂತ. ಈ ಊರಲ್ಲೇ ಇನ್ಯಾರೂ ಇಡಾಕಿಲ್ಲ."

ಹೆಮ್ಮೆಯಿಂದಲೇ ಹೇಳಿದರು. ಹೇಳಿ ಮುಗಿಸಿದ ಮೇಲೆ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ನಗು ಅಲ್ಲೇ ನಿಂತುಹೋಯಿತು.

"ಮೈಸೂರಿನ ಮನೆಗ್ ಯಾವಾಗ ಓಗಿದ್ರಿ?"

"ನಾನಾ? ನಾನ್ಯಾಕ್ ಓಗ್ಲಿ?"

"ಇಲ್ದೇ ಇರೋ ಒಸ್ಲಿಗೆ ಸುಣ್ಣ ಇಟ್ಟಿದ್ದೀರಲ್ಲ ತಾಯಿ. ಒರ್ಸೋವಾಗ ಸುಣ್ಣ ಇಟ್ಟಿದ್ ಮರ್ತ್ರಾ?"

ಮಾದೇವಮ್ಮ ಕಂಬ ಹಿಡಿದುಕೊಂಡು ಕೆಳಗೆ ಕೂತರು. ನಾನು ಎಷ್ಟೋ ಕಳ್ಳರನ್ನು, ಖೂನಿ ಮಾಡಿದವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದೇನೆ. ಮಗಳ ಮುಂದೆ ತಾಯಿಯನ್ನು ಹೀಗೆ ಕೇಳಿದ್ದು ಇದೇ ಮೊದಲು.

"ಅವ್ವ," ದೀಪಶ್ರೀ ಮುಂದೆ ಬಂದಳು. "ನೀ ಆಲು ಉಕ್ಕುಸ್ದಾ? ನಾನಿಲ್ದಂಗೆ?"

"ಊಂ ಕಣವ್ವ."

"ಯಾರಿಗೆ?"

ಮಾದೇವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಯಾರಿಗ್ ಉಕ್ಕುಸ್ದೆ ಏಳವ್ವ!"

"ರೂಪಂಗೆ."

ಆ ಹೆಸರು ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಕೇಳಿಬಂದಿರಲಿಲ್ಲ. ರೂಪ ದೀಪಶ್ರೀಯ ತಂಗಿ. ಹೂಗ್ಯದ ಹುಡುಗನ ಜೊತೆ ಹೋಗಿ ಮದುವೆಯಾದವಳು. ಅವಳ ಅಪ್ಪ ಕೆಂಪನಂಜಪ್ಪ ಊರ ಮುಂದೆ, ನನ್ನ ಪಾಲಿಗೆ ಅವಳು ಸತ್ತಳು ಅಂದು ತಲೆಗೆ ನೀರು ಹಾಕಿಕೊಂಡಿದ್ದರು. ಅಷ್ಟಕ್ಕೇ ಬಿಡದೆ, ತನ್ನ ಕೊರಳಿನ ಕರಡಿಗೆಯ ಮೇಲೆ ದೊಡ್ಡ ಮಗಳ ಕೈ ಇಡಿಸಿ, ಇನ್ನು ಅವಳ ಜೊತೆ ಮಾತಾಡಕೂಡದು ಅಂತ ಆಣೆ ಮಾಡಿಸಿದ್ದರು. ಕರಡಿಗೆಯೊಳಗೆ ಲಿಂಗ. ಆ ಆಣೆಯನ್ನು ಮುರಿಯುವುದುಂಟೆ? ತಂಗಿ ಫೋನ್ ಮಾಡಿದಾಗಲೆಲ್ಲ ದೀಪಶ್ರೀ ಕಟ್ ಮಾಡುತ್ತಿದ್ದಳು. ದೀಪಶ್ರೀಯ ಗಂಡ ಸತ್ತ ದಿನ ರೂಪ ಬೀದಿ ಕೊನೆಯಲ್ಲಿ ನಿಂತು ಅತ್ತು ಹೋದಾಗಲೂ ಇವಳು ತಿರುಗಿ ನೋಡಲಿಲ್ಲ.

"ಅವ್ಳ್ಗೆ ಎರಡ್ ಮಕ್ಳವೆ ಕಣವ್ವ," ಮಾದೇವಮ್ಮನ ಮಾತು ತಡವರಿಸುತ್ತಿತ್ತು. "ಮೈಸೂರಲ್ಲಿ ಶೀಟಿನ ಮನೇಲವ್ರೆ. ಮಳೆ ಬಂದ್ರೆ ಸೋರ್ತದೆ. ನೀ ಒಬ್ಳೇ. ನಿಂಗೇನ್ ಕಮ್ಮಿ?"

"ನಂಗೇನ್ ಕಮ್ಮಿನಾ?" ದೀಪಶ್ರೀ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. "ಗಂಡ ಇಲ್ಲ, ಮಕ್ಳಿಲ್ಲ, ಸುಕ್ರವಾರದಿಂದ ಮನೇನೂ ಇಲ್ಲ. ಸರಿಯಾಗಿ ಲೆಕ್ಕ ಆಕಿದ್ದೀಯ. ನಾನ್ ಎಲ್ಲಿರ್ಲಿ ಅಂತಿದ್ದೆ ಅವ್ವ?"

"ಇಲ್ಲೇ ಇರು. ನಮ್ ಜೊತೇಲೇ ಇದ್ಬುಡು. ಸುಕ್ರವಾರದೊಳ್ಗೆ ಏಳ್ಬೇಕು ಅಂತ್ಲೇ ಇದ್ವಿ."

"ಪರದೆ ಬಣ್ಣ ಆರ್ಸುದ್ಯಲ್ಲ. ನನ್ ಪಕ್ಕದಲ್ಲೇ ಕುಂತ್ಕಂಡು ಗಿಣಿಹಸ್ರು ಚೆನ್ನಾಗದೆ ಅಂದ್ಯಲ್ಲ. ಅದು ಯಾರ್ ರೂಮಿಗೆ?"

ಮಾದೇವಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದರು.

"ಬಾಯ್ಬುಟ್ಟು ಕೇಳ್ಬೋದಿತ್ತಲ್ಲವ್ವ! ಇಂಗ್ ಕದೀಬೇಕಾಗಿತ್ತಾ? ನಾ ಯಾರ್ನ ನಂಬ್ಲಿ ಇನ್ನು?"

ಕಣ್ಣೀರಿಗೆ ಕರಗಿ ನಾನು ಪ್ರಶ್ನೆ ಬಿಡುವವಳಲ್ಲ. ಹಾಲು ಉಕ್ಕಿಸಿದ್ದು ಇವರು ಸರಿ, ಆದರೆ ಧನಗೆರೆ ಬಿಟ್ಟು ಕೊಳ್ಳೇಗಾಲದ ಸಂತೆಗೂ ಒಬ್ಬರೇ ಹೋಗಿ ಗೊತ್ತಿಲ್ಲದ ಹೆಂಗಸು. ಮೈಸೂರಿನ ಆ ಗೇಟು ದಾಟಿ, ಆ ಲಿಫ್ಟಿನ ಗುಂಡಿ ಒತ್ತಿ, ಹನ್ನೊಂದನೇ ಮಹಡಿ ಹತ್ತಿದ್ದು ಹೇಗೆ?

"ನಿಮ್ಮುನ್ನ ಯಾರು ಕರ್ಕಂಡ್ ಓದ್ರು ಮಾದೇವಮ್ಮೋರೆ? ಪೂಜೆಗೆ ಯಾರು ಕುಂತಿದ್ರು?"

"ಅವ್ರೇ," ಅಂದರು.

ನಮ್ಮ ಕಡೆ ಹೆಂಗಸರು ಹೆಸರು ಹಿಡಿಯದೆ ‘ಅವರು’ ಅನ್ನುವುದು ಒಬ್ಬರಿಗೇ.

"ಅಪ್ಪನಾ?" ದೀಪಶ್ರೀ ಅವ್ವನ ಮುಂದೆ ಕುಕ್ಕರಿಸಿದಳು. "ಅಪ್ಪ ಓಗಿ ರೂಪನ ಪಕ್ಕ ಕುಂತಿದ್ರಾ? ನನ್ ಕೈಲಿ ಆಣೆ ಮಾಡ್ಸುದ್ ಅಪ್ಪ?"

"ರೂಪನ ಮಗ ತಾತ ಅಂದ್ಬುಟ್ಟು ತೊಡೆ ಮ್ಯಾಲೆ ಕುಂತ್ಕತು. ಕರಗೋದ್ರು ಕಣವ್ವ. ವರ್ಸ ಆಯ್ತು, ಓಗಿ ಬಂದು ಮಾಡ್ತಾವ್ರೆ."

"ಒಂದ್ ವರ್ಸದಿಂದ! ಮತ್ತೆ ನಂಗ್ಯಾಕ್ ಯಾರೂ ಏಳ್ನಿಲ್ಲ? ನಾ ಇನ್ನೂ ಆಣೆ ಇಡ್ಕಂಡೇ ಕುಂತಿದ್ನಲ್ಲ. ನನ್ ತಂಗಿ ಮೊಕ ನೋಡ್ದೆ, ಅವಳ್ ಮಕ್ಳ ಎಸ್ರೂ ಗೊತ್ತಿಲ್ದೆ, ನಿಮ್ ಮಾತಿಗೆ ಕಟ್ಬಿದ್ದು ಕುಂತಿದ್ನಲ್ಲವ್ವ!"

ಹೇಳಿದ ಮಾತು ಕೇಳಿದವಳಿಗೆ ಮೂರು ನಾಮ, ಮನೆ ಬಿಟ್ಟು ಹೋದವಳಿಗೆ ಹೊಸ ಮನೆ. ಇದೇ ನ್ಯಾಯ ಅಂದರೆ ನಾಳೆ ಯಾವ ಹೆಣ್ಣು ಅಪ್ಪನ ಮಾತು ಕೇಳುತ್ತಾಳೆ?

ಅಷ್ಟರಲ್ಲಿ ಮಾದೇವಮ್ಮನ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು. ಅವರು ಕಟ್ ಮಾಡಲು ಹೋದರು. ಅವರ ಬೆರಳು ತಾಗುವ ಮೊದಲೇ ದೀಪಶ್ರೀ ಕಿತ್ತುಕೊಂಡಳು. ಸ್ಪೀಕರ್ ಹಾಕಿದಳು.

"ಅವ್ವ, ಊಟ ಆಯ್ತಾ?" ಹೆಣ್ಣು ದನಿ. ಹಿಂದೆ ಮಗು ರಚ್ಚೆ ಹಿಡಿದಿತ್ತು.

"ಅವ್ವ ಅಲ್ಲ. ನಾನು," ಅಂದಳು ದೀಪಶ್ರೀ.

"ಅಕ್ಕಾ?" ಅಂದಳು ರೂಪ. ಅಂದವಳೇ ಬಿಕ್ಕಿದಳು. "ಮತ್ತೆ ಮಾತಾಡ್ತೀಯೋ ಇಲ್ವೋ ಅನ್ಕಂಡಿದ್ದೆ ಕಣಕ್ಕ. ಆವತ್ತು ನೀ ಫೋನಲ್ಲಿ ಒಪ್ಪಿ ಮಾತಾಡ್ದೇ ಇದ್ದಿದ್ರೆ, ದೇವ್ರಾಣೆ, ನಿನ್ ಮನೆಗೆ ನಾ ಕಾಲಿಡ್ತಿರ್ಲಿಲ್ಲ. ಅಪ್ಪ ಎಷ್ಟ್ ಕರುದ್ರೂ ಒಲ್ಲೆ ಅಂದಿದ್ದೆ."

ದೀಪಶ್ರೀ ನನ್ನ ಕಡೆ ನೋಡಿದಳು. ತಾನು ಮಾತಾಡೇ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಮಾದೇವಮ್ಮನ ಕಡೆ ನೋಡಿದೆ. ಅವರಿಗೂ ಇದು ಹೊಸ ಸುದ್ದಿ, ಅಳು ನಿಲ್ಲಿಸಿ ಬಾಯಿ ತೆರೆದುಕೊಂಡು ಕೂತಿದ್ದರು. ಮುಂದುವರಿಸು ಅಂತ ನಾನು ಕೈಸನ್ನೆ ಮಾಡಿದೆ.

ದೀಪಶ್ರೀ ಫೋನನ್ನು ಬಾಯಿಯ ಹತ್ತಿರ ತಂದಳು. ಗಟ್ಟಿಗಿತ್ತಿ, ದನಿ ನಡುಗಲು ಬಿಡಲಿಲ್ಲ.

"ಆವತ್ತು ನನ್ ತಲೆ ಸರಿಯಿರ್ಲಿಲ್ಲ ಕಣೆ. ಏನೇನಂದೆ, ಇನ್ನೊಂದ್ಸಲ ಏಳು."

"ಅಳ್ತಾ ಇದ್ದೆ ಪಾಪ, ದನೀನೇ ಒಂಟಿರ್ಲಿಲ್ಲ. ಮನೆ ನೀನೇ ತಕ, ನಂಗ್ ಯಾರ್ ಮ್ಯಾಲೂ ಸಿಟ್ಟಿಲ್ಲ ಅಂದೆ. ಆಮೇಕೆ..." ರೂಪ ತಡೆದಳು. "ಆಮೇಕ್ ಅಂದಿದ್ ಮಾತಿಗೆ ನಂಗ್ ನಿದ್ದೆನೇ ಬತ್ತಿಲ್ಲ. ಸುಕ್ರವಾರ ಸಾಮಾನ್ ಲಾರಿಗೆ ಆಕುದ್ಮೇಲೆ ನಾ ದೂರ ಒಂಟೋಯ್ತೀನಿ, ಯಾರೂ ನನ್ನ ಉಡುಕ್ಬ್ಯಾಡಿ, ಪೊಲೀಸ್ನೋರ್ಗೂ ಏಳ್ಬ್ಯಾಡಿ ಅಂದ್ಯಲ್ಲಕ್ಕ. ಎಲ್ಲಿಗ್ ಓದೀಯೆ ನೀನು?"

ಇದುವರೆಗೂ ನಾನು ಮನೆ ಕದ್ದವರನ್ನು ಹುಡುಕುತ್ತಿದ್ದೆ. ಶುಕ್ರವಾರದ ಮೇಲೆ ಈ ಹೆಣ್ಣುಮಗಳೇ ಇರುವುದಿಲ್ಲ ಅಂತ ಯಾರೋ ಆಗಲೇ ಗೊತ್ತು ಮಾಡಿಕೊಂಡಿದ್ದರು. ಹುಡುಕುವವರೂ ಇರದ ಹಾಗೆ, ಅವಳೇ ಹೇಳಿದಂತೆ ಬೇರೆ ಯಾವಳಿಂದಲೋ ಹೇಳಿಸಿಟ್ಟಿದ್ದರು.

"ರೂಪ, ನಾನು ಕೊಳ್ಳೇಗಾಲದ ರಾಚಮ್ಮ," ಫೋನಿನ ಹತ್ತಿರ ಬಾಗಿದೆ. "ಆ ಫೋನು ಯಾರ್ ನಂಬರಿಂದ ಬಂತು?"

"ಅಪ್ಪನ ನಂಬರಿಂದ. ಅಪ್ಪನೇ ಮೊದ್ಲು ಮಾತಾಡಿ, ತಕ, ನಿಮ್ಮಕ್ಕ ಪಕ್ಕದಲ್ಲೇ ಅವ್ಳೆ ಅಂತ ಕೊಟ್ಟಿದ್ದು. ಯಾಕೆ?"

ಹೊರಗೆ ಬೈಕು ನಿಂತ ಸದ್ದಾಯಿತು. ದೀಪಶ್ರೀ ಫೋನ್ ಕಟ್ ಮಾಡಿ ಅವ್ವನ ಮಡಿಲಿಗೆ ಹಾಕಿದಳು. ಜಗಲಿಯ ಪಕ್ಕ ಚೊಂಬಿನಲ್ಲಿ ನೀರು ಮೊಗೆದು ಕಾಲು ತೊಳೆಯುವ ಸದ್ದು, ಟವೆಲು ಕೊಡವುವ ಸದ್ದು.

ಕೆಂಪನಂಜಪ್ಪ ಒಳಗೆ ಬಂದರು. ಬಿಳಿ ಪಂಚೆ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ಮಗಳನ್ನು ಕಂಡು ಮುಖ ಅರಳಿತು. ಹತ್ತಿರ ಬಂದು, ಚಿಕ್ಕ ಮಗುವಿಗೆ ಮಾಡುವ ಹಾಗೆ ಅವಳ ತಲೆ ಸವರಿದರು.

"ಯಾವಾಗ್ ಬಂದ್ಯವ್ವ?" ಅಂದರು. "ಸುಕ್ರವಾರಕ್ಕೆ ಎಲ್ಲಾ ಕಟ್ಟಾಯ್ತಾ?"